ಸಿ ಪ್ರೋಗ್ರಾಂ ಕುಸಿದಾಗ ಯಾರನ್ನು ಕೇಳುವುದು? ಪ್ರಿಂಟ್‌ಎಫ್, ಜಿಡಿಬಿ, ವ್ಯಾಲ್‌ಗ್ರೈಂಡ್, ಅಡ್ರೆಸ್ ಸ್ಯಾನಿಟೈಸರ್: ನಾಲ್ಕನ್ನೂ ಬಳಸಿ ನೋಡಿದ ಮೇಲೆ

ಸಿ ಭಾಷೆ ಕಲಿಯಲು ಕುಳಿತವರಿಗೆ ಪಾಯಿಂಟರ್ (ಮೆಮೊರಿಯ ವಿಳಾಸ ಹಿಡಿದಿಡುವ ವೇರಿಯಬಲ್) ಪಾಠದ ಮರುದಿನವೇ ಎದುರಾಗುವ ಮಾತು ‘ಸೆಗ್ಮೆಂಟೇಶನ್ ಫಾಲ್ಟ್’, ಅಂದರೆ ಮುಟ್ಟಬಾರದ ಮೆಮೊರಿಯನ್ನು ಮುಟ್ಟಿದ ದೂರು. ಅಷ್ಟು ಹೇಳಿ ಪ್ರೋಗ್ರಾಂ ನಿಂತುಹೋಗುತ್ತದೆ. ಯಾವ ಸಾಲು, ಯಾವ ವೇರಿಯಬಲ್, ಏಕೆ ಎಂಬ ಒಂದು ಪ್ರಶ್ನೆಗೂ ಉತ್ತರವಿಲ್ಲ. ಕಲಿಯುವ ದಿನಗಳಲ್ಲಿ ಇದರಿಂದ ನಾನು ಬಹಳ ಸಂಕಟಪಟ್ಟಿದ್ದೇನೆ. ಈಗ ಬೇರೆಯವರಿಗೆ ಹೇಳಿಕೊಡುವಾಗಲೂ ಅದೇ ಸಂಕಟವನ್ನು ಅವರ ಮುಖದಲ್ಲಿ ಕಾಣುತ್ತೇನೆ. ಹಾಗಾಗಿ ಹೊಸಬರು ಪದೇ ಪದೇ ಮಾಡುವ ಆರು ತಪ್ಪುಗಳನ್ನು ಆರಿಸಿ, ಒಂದೊಂದಕ್ಕೂ ಪುಟ್ಟ ಪ್ರೋಗ್ರಾಂ ಬರೆದು, ನಾಲ್ಕು ಸಾಧನಗಳ ಮುಂದೆ ಇಟ್ಟು ನೋಡಿದೆ: ಬೆಲೆಗಳನ್ನು ಪರದೆಗೆ ಬರೆಯುವ ಪ್ರಿಂಟ್‌ಎಫ್, ಪ್ರೋಗ್ರಾಂ ಅನ್ನು ನಡುವೆ ನಿಲ್ಲಿಸಿ ಒಳಗೆ ನೋಡಲು ಬಿಡುವ ಜಿಡಿಬಿ, ಓಡುವ ಪ್ರೋಗ್ರಾಂನ ಮೆಮೊರಿ ಬಳಕೆಯನ್ನು ಪರಿಶೀಲಿಸುವ ವ್ಯಾಲ್‌ಗ್ರೈಂಡ್, ಅಂಥದೇ ಪರಿಶೀಲನೆಯನ್ನು ಕಂಪೈಲ್ ಮಾಡುವಾಗಲೇ ಪ್ರೋಗ್ರಾಂಗೆ ಸೇರಿಸುವ ಅಡ್ರೆಸ್ ಸ್ಯಾನಿಟೈಸರ್. 64 ಬಿಟ್‌ನ ಲಿನಕ್ಸ್, ಜಿಸಿಸಿ ಕಂಪೈಲರ್, ಆಪ್ಟಿಮೈಸೇಶನ್ ಇಲ್ಲದ ಕಂಪೈಲ್. ಎಲ್ಲವೂ ಉಚಿತವಾಗಿ ಸಿಗುವ ಸಾಧನಗಳೇ.

ಸಿಯಲ್ಲಿ ತಪ್ಪು ನಡೆಯುವ ಜಾಗ ಒಂದು, ಪ್ರೋಗ್ರಾಂ ಕುಸಿಯುವ ಜಾಗ ಇನ್ನೊಂದು. ಹತ್ತನೆಯ ಸಾಲಿನಲ್ಲಿ ಪಕ್ಕದವರ ಮೆಮೊರಿಗೆ ಕೈ ಹಾಕಿದರೆ ಇನ್ನೂರನೆಯ ಸಾಲಿನಲ್ಲಿ ಪೆಟ್ಟು ಬೀಳುತ್ತದೆ. ಕುಸಿದ ಸಾಲನ್ನೇ ತಿದ್ದುತ್ತಾ ಕುಳಿತರೆ ಎತ್ತಿಗೆ ಜ್ವರ ಬಂದಾಗ ಎಮ್ಮೆಗೆ ಬರೆ ಎಳೆದಂತೆ. ಆದ್ದರಿಂದ ನಾನು ಅಳೆದದ್ದು ಒಂದನ್ನೇ: ತಪ್ಪು ನಿಜವಾಗಿ ನಡೆದ ಸಾಲಿಗೆ ಯಾವ ಸಾಧನ ನನ್ನನ್ನು ಎಷ್ಟು ಹತ್ತಿರ ಕರೆದೊಯ್ಯುತ್ತದೆ?

ಮೊದಲ ತಪ್ಪಿಗೆ ಈ ನಾಲ್ವರೂ ಬೇಕಾಗಲಿಲ್ಲ. ಕೀಲಿಮಣೆಯಿಂದ ಬೆಲೆ ಓದುವ ಸ್ಕ್ಯಾನ್‌ಎಫ್‌ಗೆ ವೇರಿಯಬಲ್ ಕೊಡುವಾಗ ಹಿಂದಿನ ಆಂಪರ್‌ಸ್ಯಾಂಡ್ ಚಿಹ್ನೆ ಮರೆತರೆ, ‘ಡಬ್ಲ್ಯು-ಆಲ್’ ಆಯ್ಕೆ ಹಾಕಿ ಕಂಪೈಲ್ ಮಾಡಿದ ಕೂಡಲೇ ಜಿಸಿಸಿಯೇ ಸಾಲಿನ ಸಂಖ್ಯೆ ಸಮೇತ ಎಚ್ಚರಿಸುತ್ತದೆ. ಎಚ್ಚರಿಕೆಗಳನ್ನು ಓದದೆ ಮುಂದೆ ಹೋಗುವವರಿಗೆ ಯಾವ ಸಾಧನವೂ ಉಪಕಾರ ಮಾಡಲಾರದು.

ಎರಡನೆಯದು ಪ್ರಿಂಟ್‌ಎಫ್‌ನ ಮೇಲಿನ ನನ್ನ ಹಳೆಯ ನಂಬಿಕೆಯನ್ನು ಅಲುಗಾಡಿಸಿತು. 11 ಆಟಗಾರರ ಅಂಕಗಳಿಗೆ 11 ಮನೆಗಳ ಅರೇ, ಅದನ್ನು ಸೊನ್ನೆಯಿಂದ ತುಂಬುವ ಲೂಪ್. ‘ಚಿಕ್ಕದು’ ಎಂದಿರಬೇಕಾದ ಕಡೆ ‘ಚಿಕ್ಕದು ಅಥವಾ ಸಮ’ ಎಂದು ಬರೆದಿದ್ದೆ. ಕಂಪೈಲರ್‌ನ ಸ್ಟ್ಯಾಕ್ (ಫಂಕ್ಷನ್ನಿನ ವೇರಿಯಬಲ್‌ಗಳು ಕೂರುವ ಮೆಮೊರಿ) ರಕ್ಷಣೆಯನ್ನು ತೆಗೆದು ಓಡಿಸಿದಾಗ ಪ್ರೋಗ್ರಾಂ ಕುಸಿಯಲಿಲ್ಲ, ಮುಗಿಯಲೂ ಇಲ್ಲ. ಅರೇಯ ಅಂಚಿಗೆ ಅಂಟಿಕೊಂಡಂತೆ ಲೂಪಿನ ಎಣಿಕೆಯ ವೇರಿಯಬಲ್ ಕುಳಿತಿತ್ತು. ಇಲ್ಲದ ಹನ್ನೆರಡನೆಯ ಮನೆಗೆ ಸೊನ್ನೆ ಬರೆದಾಗ ಎಣಿಕೆಯೇ ಸೊನ್ನೆಯಾಗಿ ಲೂಪ್ ಮತ್ತೆ ಮೊದಲಿನಿಂದ ಶುರುವಾಗುತ್ತಿತ್ತು. ಏನಾಗುತ್ತಿದೆ ಎಂದು ತಿಳಿಯಲು ಇನ್ನೊಂದು ಎಣಿಕೆಯ ವೇರಿಯಬಲ್ ಸೇರಿಸಿ ಪ್ರಿಂಟ್‌ಎಫ್ ಬರೆದೆ. ತೊಂದರೆ ಮಾಯ! ಹೊಸ ವೇರಿಯಬಲ್ ಬಂದದ್ದರಿಂದ ಸ್ಟ್ಯಾಕಿನಲ್ಲಿ ಎಲ್ಲರ ಜಾಗ ಸರಿದು, ಹನ್ನೆರಡನೆಯ ಬರಹ ಯಾರೂ ಬಳಸದ ಖಾಲಿ ಜಾಗಕ್ಕೆ ಬಿದ್ದಿತ್ತು. ತಪ್ಪು ಇದ್ದಲ್ಲೇ ಇತ್ತು, ಕಾಣದಂತಾಗಿತ್ತು ಅಷ್ಟೇ. ಹೊಸಬರೊಬ್ಬರು ಇದನ್ನು ‘ಸರಿಹೋಯಿತು’ ಎಂದು ಒಪ್ಪಿಕೊಂಡುಬಿಟ್ಟರೆ ಅವರನ್ನು ದೂರುವಂತಿಲ್ಲ.

ಪ್ರಿಂಟ್‌ಎಫ್‌ನ ಇನ್ನೊಂದು ಮೋಸ ಇದಕ್ಕಿಂತ ಸಾಮಾನ್ಯ. ಅದು ಬರೆದದ್ದು ತಕ್ಷಣ ಪರದೆಗೆ ಬರುವುದಿಲ್ಲ, ಬಫರ್‌ನಲ್ಲಿ ಕಾಯುತ್ತದೆ. ಟರ್ಮಿನಲ್ ಆದರೆ ಸಾಲಿನ ಕೊನೆಯ ಚಿಹ್ನೆ ಬರುವವರೆಗೆ, ಫೈಲಿಗೆ ತಿರುಗಿಸಿದರೆ ಬಫರ್ ತುಂಬುವವರೆಗೆ. ಅಷ್ಟರೊಳಗೆ ಪ್ರೋಗ್ರಾಂ ಕುಸಿದರೆ ಕಾಯುತ್ತಿದ್ದದ್ದೆಲ್ಲ ಕಳೆದುಹೋಗುತ್ತದೆ. ನಾವು ‘ಇಲ್ಲಿಯವರೆಗೂ ಬಂದೇ ಇಲ್ಲ’ ಎಂದುಕೊಂಡು ಮೇಲಿನ ಸಾಲುಗಳಲ್ಲಿ ಹುಡುಕುತ್ತೇವೆ. ಪ್ರಿಂಟ್‌ಎಫ್‌ನಿಂದಲೇ ಹುಡುಕುವವರು ಬಫರ್ ಇಲ್ಲದ ಸ್ಟ್ಯಾಂಡರ್ಡ್ ಎರರ್‌ಗೆ ಬರೆಯಿರಿ. ಲೆಕ್ಕದ ಸೂತ್ರ ತಪ್ಪಿದೆಯೇ, ಲೂಪ್ ಎಷ್ಟು ಸುತ್ತು ತಿರುಗಿತು ಎಂಬುದನ್ನು ನೋಡಲು ಇಂದಿಗೂ ನಾನು ಅದನ್ನೇ ಬಳಸುತ್ತೇನೆ. ಮೆಮೊರಿಯ ತಪ್ಪಿಗೆ ಮಾತ್ರ ಬೇಡ.

ಇದೇ ಅರೇಯನ್ನು ವ್ಯಾಲ್‌ಗ್ರೈಂಡ್‌ಗೆ ಕೊಟ್ಟೆ. ಒಂದು ಮಾತೂ ಇಲ್ಲ, ಲೂಪ್ ತಿರುಗುತ್ತಲೇ ಇತ್ತು. ಅದು ಕಂಪೈಲ್ ಆದ ಪ್ರೋಗ್ರಾಂ ಅನ್ನು ಹೊರಗಿನಿಂದ ನೋಡುತ್ತದೆ; ಸ್ಟ್ಯಾಕಿನಲ್ಲಿ ಒಂದು ವೇರಿಯಬಲ್ ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಗುತ್ತದೆ ಎಂಬುದು ಅದಕ್ಕೆ ತಿಳಿಯದು. ಅಡ್ರೆಸ್ ಸ್ಯಾನಿಟೈಸರ್ ಕಂಪೈಲರ್‌ನ ಒಳಗೇ ಇರುವುದರಿಂದ ಪ್ರತಿ ಅರೇಯ ಅಕ್ಕಪಕ್ಕ ನಿಷೇಧಿತ ಪಟ್ಟಿಯೊಂದನ್ನು ಇಟ್ಟು ಕಾಯುತ್ತದೆ. ಮೊದಲ ಅತಿಕ್ರಮಣಕ್ಕೇ ಪ್ರೋಗ್ರಾಂ ನಿಲ್ಲಿಸಿ ಸಾಲಿನ ಸಂಖ್ಯೆ, ಅರೇಯ ಹೆಸರು ಎರಡನ್ನೂ ಹೇಳಿತು.

ಮೂರನೆಯದು ಸ್ಟ್ರಿಂಗ್ ನಕಲು. ಹೆಸರಿನ ಉದ್ದದಷ್ಟೇ ಬೈಟ್‌ಗಳನ್ನು ಮೆಮೊರಿ ಕೊಡುವ ಮ್ಯಾಲಾಕ್‌ನಿಂದ ಕೇಳಿ, ಸ್ಟ್ರಿಂಗ್ ಮುಗಿಯಿತೆಂದು ತಿಳಿಸುವ ಕೊನೆಯ ಸೊನ್ನೆ ಬೈಟಿಗೆ ಜಾಗ ಬಿಡದೆ ನಕಲು ಮಾಡುವುದು. ಈ ತಪ್ಪನ್ನು ಮಾಡದವರನ್ನು ನಾನು ಕಂಡಿಲ್ಲ. ತಿಂಗಳುಗಟ್ಟಲೆ ಇದು ಬಯಲಾಗದೇ ಇರುವುದಕ್ಕೂ ಕಾರಣವಿದೆ. 64 ಬಿಟ್‌ನ ಲಿನಕ್ಸ್‌ನಲ್ಲಿ ನೀವು 10 ಬೈಟ್ ಕೇಳಿದರೂ ಅಲ್ಲಿನ ಸಿ ಲೈಬ್ರರಿಯಾದ ಜಿಲಿಬ್‌ಸಿಯ ಮ್ಯಾಲಾಕ್ ಕೊಡುವ ತುಂಡಿನಲ್ಲಿ 24 ಬೈಟ್ ಬಳಸಬಹುದು. ಹೆಸರು 23 ಅಕ್ಷರದ್ದಾದರೂ ಸೊನ್ನೆಗೆ ಜಾಗ ಸಿಗುತ್ತದೆ. ಸರಿಯಾಗಿ 24 ಅಕ್ಷರದ ಹೆಸರು ಬಂದ ದಿನ ಆ ಸೊನ್ನೆ ಪಕ್ಕದ ತುಂಡಿನ ಅಳತೆ ಬರೆದಿಟ್ಟ ಜಾಗದ ಮೇಲೆ ಬೀಳುತ್ತದೆ. ಕುಸಿತವಾಗುವುದು ಆಗಲೂ ಅಲ್ಲ. ಮುಂದೆಂದೋ ಮ್ಯಾಲಾಕ್ ಅಥವಾ ಮೆಮೊರಿಯನ್ನು ಹಿಂತಿರುಗಿಸುವ ಫ್ರೀ ಆ ಲೆಕ್ಕವನ್ನು ಓದಿದಾಗ. ಜಿಡಿಬಿಯಲ್ಲಿ ಬ್ಯಾಕ್‌ಟ್ರೇಸ್ (ಯಾರು ಯಾರನ್ನು ಕರೆದು ಇಲ್ಲಿಗೆ ಬಂದದ್ದು ಎಂಬ ಪಟ್ಟಿ) ಕೇಳಿದರೆ ಅದು ಪ್ರಾಮಾಣಿಕವಾಗಿ ಆ ಕುಸಿತದ ಜಾಗವನ್ನೇ ತೋರಿಸುತ್ತದೆ: ಏನೂ ತಪ್ಪಿಲ್ಲದ ಫ್ರೀ ಕರೆ. ವ್ಯಾಲ್‌ಗ್ರೈಂಡ್ ಮತ್ತು ಸ್ಯಾನಿಟೈಸರ್ ಎರಡೂ ಮೂರೇ ಅಕ್ಷರದ ಹೆಸರಿನಲ್ಲೇ ನಕಲು ಮಾಡಿದ ಸಾಲನ್ನೂ ಮೆಮೊರಿ ಪಡೆದ ಸಾಲನ್ನೂ ಹಿಡಿದುಕೊಟ್ಟವು.

ನಾಲ್ಕನೆಯದು ಲಿಂಕ್ಡ್ ಲಿಸ್ಟ್ (ಪ್ರತಿ ತುಂಡೂ, ಅಂದರೆ ನೋಡ್, ಮುಂದಿನದರ ವಿಳಾಸ ಹಿಡಿದಿರುವ ಸರಪಳಿ) ಅಳಿಸುವಾಗ ನೋಡ್ ಅನ್ನು ಫ್ರೀ ಮಾಡಿ, ಆಮೇಲೆ ಅದೇ ನೋಡ್‌ನಿಂದ ‘ಮುಂದಿನದು’ ಎಲ್ಲಿದೆ ಎಂದು ಓದುವುದು. ಇಲ್ಲಿಯೂ ಇಬ್ಬರೂ ಸಮಸಮ. ಓದಿದ ಸಾಲು, ಅದಕ್ಕೂ ಮೊದಲು ಫ್ರೀ ಮಾಡಿದ ಸಾಲು, ಮೂಲದಲ್ಲಿ ಪಡೆದ ಸಾಲು, ಮೂರನ್ನೂ ಕೊಟ್ಟವು. ಈ ಮೂರು ಸಾಲುಗಳನ್ನು ಪಕ್ಕಪಕ್ಕದಲ್ಲಿ ಕಂಡ ವಿದ್ಯಾರ್ಥಿಗೆ ಬೇರೆ ವಿವರಣೆಯೇ ಬೇಕಾಗುವುದಿಲ್ಲ.

ಇಲ್ಲಿಯವರೆಗೆ ಸ್ಯಾನಿಟೈಸರ್ ಮುಂದಿತ್ತು. ಐದನೆಯದರಲ್ಲಿ ಅದು ಸೋತಿತು. ಮ್ಯಾಲಾಕ್‌ನಿಂದ ಪಡೆದ ಸ್ಟ್ರಕ್ಟ್‌ನಲ್ಲಿ (ಹಲವು ಬೆಲೆಗಳನ್ನು ಒಟ್ಟಿಗೆ ಇಡುವ ಕಟ್ಟು) ‘ಮೊತ್ತ’ ಎಂಬ ಜಾಗಕ್ಕೆ ಸೊನ್ನೆ ಹಾಕುವುದನ್ನು ಬಿಟ್ಟು ನೇರವಾಗಿ ಕೂಡುತ್ತಾ ಹೋಗಿದ್ದೆ. ಸುಮ್ಮನೆ ಓಡಿಸಿದಾಗ ಉತ್ತರ ಸರಿಯಾಗಿಯೇ ಬಂತು. ಕಾರ್ಯಾಚರಣೆ ವ್ಯವಸ್ಥೆ ಹೊಸದಾಗಿ ಕೊಡುವ ಮೆಮೊರಿ ಸೊನ್ನೆಯಿಂದ ತುಂಬಿರುತ್ತದೆ. ಒಮ್ಮೆ ಬಳಸಿ ಫ್ರೀ ಮಾಡಿದ ತುಂಡು ಮರಳಿ ಸಿಕ್ಕಾಗಲೇ ಕಸ ಕಾಣುವುದು. ಸ್ಯಾನಿಟೈಸರ್ ಯಾವ ದೂರನ್ನೂ ಕೊಡಲಿಲ್ಲ, ಆದರೆ ಮೊತ್ತ ಮಾತ್ರ -1094795586ರ ಆಸುಪಾಸಿನಲ್ಲಿ ಬಂತು. ಸ್ಯಾನಿಟೈಸರ್ ಮ್ಯಾಲಾಕ್ ಕೊಡುವ ಮೆಮೊರಿಯನ್ನು ಬೇಕೆಂದೇ ಒಂದೇ ಬೈಟಿನಿಂದ ತುಂಬಿಡುತ್ತದೆ. ನಾಲ್ಕು ಅಂಥ ಬೈಟ್‌ಗಳನ್ನು ಪೂರ್ಣಾಂಕವಾಗಿ ಓದಿದರೆ ಈ ಸಂಖ್ಯೆ. ಗುರುತು ಹಿಡಿಯಬಲ್ಲವರಿಗೆ ಅದೊಂದು ಸುಳಿವು, ಹೊಸಬರಿಗೆ ಅಲ್ಲ.

ವ್ಯಾಲ್‌ಗ್ರೈಂಡ್ ಹಿಡಿಯಿತು, ಆದರೆ ಅದರ ದೂರನ್ನು ಓದಲು ಕಲಿಯಬೇಕು. ಬೆಲೆ ಇಲ್ಲದ ವೇರಿಯಬಲ್ ಅನ್ನು ಕೂಡಿದಾಗ ಅದು ಸುಮ್ಮನಿರುತ್ತದೆ. ಆ ಬೆಲೆಯಿಂದ ಪ್ರೋಗ್ರಾಂನ ದಾರಿ ಬದಲಾಗುವ ಹೊತ್ತಿಗೆ ಬಾಯಿ ಬಿಡುತ್ತದೆ. ಹಾಗಾಗಿ ಅದು ಬೆರಳು ತೋರಿಸಿದ್ದು ಪ್ರಿಂಟ್‌ಎಫ್‌ನ ಹೊಟ್ಟೆಯೊಳಗೆ. ‘ಟ್ರ್ಯಾಕ್ ಒರಿಜಿನ್ಸ್’ ಆಯ್ಕೆಯನ್ನು ಹಾಕಿ ಮತ್ತೆ ಓಡಿಸಿದ ಮೇಲೆ ಕಸ ಹುಟ್ಟಿದ ಮ್ಯಾಲಾಕ್ ಸಾಲು ಸಿಕ್ಕಿತು. ಈ ಆಯ್ಕೆಯಿಲ್ಲದೆ ಹೊಸಬರು ಅದನ್ನು ಬಳಸಲೇಬಾರದು ಎನ್ನುವುದು ನನ್ನ ಅಭಿಪ್ರಾಯ.

ವೇಗದ ಮಾತು ಹೇಳಿಬಿಡುತ್ತೇನೆ. ವ್ಯಾಲ್‌ಗ್ರೈಂಡ್‌ನ ಕೈಪಿಡಿಯೇ 20ರಿಂದ 30 ಪಟ್ಟು ನಿಧಾನವಾಗಬಹುದು ಎನ್ನುತ್ತದೆ. ಸ್ಯಾನಿಟೈಸರ್‌ನದು ಸಾಮಾನ್ಯವಾಗಿ 2 ಪಟ್ಟು. ಪುಟ್ಟ ಅಭ್ಯಾಸಗಳಲ್ಲಿ ಎರಡೂ ಗೊತ್ತಾಗುವುದಿಲ್ಲ, ದೊಡ್ಡ ಫೈಲ್ ಓದುವ ಪ್ರೋಗ್ರಾಂನಲ್ಲಿ ಚೆನ್ನಾಗಿಯೇ ಗೊತ್ತಾಗುತ್ತದೆ. ಸ್ಯಾನಿಟೈಸರ್‌ಗೆ ಮತ್ತೆ ಕಂಪೈಲ್ ಮಾಡಬೇಕು, ವ್ಯಾಲ್‌ಗ್ರೈಂಡ್‌ಗೆ ಬೇಡ. ಒಂದರೊಳಗೆ ಇನ್ನೊಂದನ್ನು ಓಡಿಸಲಾಗದು. ವ್ಯಾಲ್‌ಗ್ರೈಂಡ್ ಮುಂದುವರಿಯುತ್ತಾ ದೂರುಗಳ ಉದ್ದ ಪಟ್ಟಿ ಕೊಡುತ್ತದೆ, ಸ್ಯಾನಿಟೈಸರ್ ಮೊದಲನೆಯದಕ್ಕೇ ನಿಲ್ಲುತ್ತದೆ. ಕಲಿಯುವವರಿಗೆ ನಿಲ್ಲುವುದೇ ಒಳ್ಳೆಯದು, ಎರಡನೆಯ ದೂರು ಎಷ್ಟೋ ಸಲ ಮೊದಲನೆಯದರ ಮರಿ. ಹೀಗಾಗಿ ನನ್ನ ಅಭ್ಯಾಸದ ಪ್ರೋಗ್ರಾಂಗಳೆಲ್ಲ ಮೊದಲ ದಿನದಿಂದಲೇ ಎಚ್ಚರಿಕೆಗಳು ಮತ್ತು ಸ್ಯಾನಿಟೈಸರ್ ಜೊತೆ ಕಂಪೈಲ್ ಆಗುತ್ತವೆ. ವಾರಕ್ಕೊಮ್ಮೆಯೋ ಉತ್ತರ ವಿಚಿತ್ರವಾದಾಗಲೋ ವ್ಯಾಲ್‌ಗ್ರೈಂಡ್.

ಹಾಗಾದರೆ 1986ರಿಂದ ಇರುವ ಜಿಡಿಬಿ ಏಕೆ ಬೇಕು? ಆರನೆಯ ತಪ್ಪಿಗಾಗಿ. ಸ್ಟ್ರಕ್ಟ್‌ನಲ್ಲಿ ಹೆಸರಿಗೆ 16 ಬೈಟ್, ಅದರ ಬೆನ್ನಿಗೇ ಅಂಕ. ಅಂಕ 85 ಎಂದು ಮೊದಲು ತುಂಬಿ, ಆಮೇಲೆ ಸ್ಕ್ಯಾನ್‌ಎಫ್‌ನಿಂದ ಹೆಸರು ಓದಿಸಿದೆ. ಇಂಗ್ಲಿಷಿನ 16 ಅಕ್ಷರಗಳ ಹೆಸರು ಕೊಟ್ಟರೆ ಅಂಕ ಸೊನ್ನೆ! (ಕನ್ನಡದಲ್ಲಿ ಕೊಟ್ಟರೆ ಇನ್ನೂ ಬೇಗ ತುಂಬುತ್ತದೆ, ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್ ಬೇಕು.) ಕಂಪೈಲರ್ ಎಚ್ಚರಿಸಲಿಲ್ಲ. ಬರಹ ಅದೇ ಸ್ಟ್ರಕ್ಟ್‌ನ ಗಡಿಯೊಳಗೇ ಬಿದ್ದದ್ದರಿಂದ ಸ್ಯಾನಿಟೈಸರ್‌ಗೂ ವ್ಯಾಲ್‌ಗ್ರೈಂಡ್‌ಗೂ ಅದು ತಪ್ಪೆನಿಸಲಿಲ್ಲ. ಅಂಕದ ಮೇಲೆ ಜಿಡಿಬಿಯ ‘ವಾಚ್’ ಕಾವಲು ಇಟ್ಟು ಓಡಿಸಿದೆ. ಹೆಸರು ಟೈಪ್ ಮಾಡಿ ಎಂಟರ್ ಒತ್ತಿದ ಕ್ಷಣದಲ್ಲೇ ಪ್ರೋಗ್ರಾಂ ನಿಂತಿತು: ಹಳೆಯ ಬೆಲೆ 85, ಹೊಸ ಬೆಲೆ 0. ಬ್ಯಾಕ್‌ಟ್ರೇಸ್ ಕೇಳಿದರೆ ಮೇಲೆ ಸ್ಕ್ಯಾನ್‌ಎಫ್, ಅದನ್ನು ಕರೆದವರು ಮೇನ್‌ನಲ್ಲಿ ಹೆಸರು ಓದುವ ನನ್ನದೇ ಸಾಲು. ಹೆಸರಿನ ಕೊನೆಯ ಸೊನ್ನೆ ಬೈಟ್ ಅಂಕದ ಮೊದಲ ಬೈಟನ್ನು ಅಳಿಸಿತ್ತು. ಸ್ಕ್ಯಾನ್‌ಎಫ್‌ನ ಫಾರ್ಮ್ಯಾಟ್‌ನಲ್ಲಿ ಶೇಕಡಾ ಚಿಹ್ನೆಗೂ ಎಸ್ ಅಕ್ಷರಕ್ಕೂ ನಡುವೆ 15 ಎಂದು ಮಿತಿ ಬರೆದು ಮತ್ತೆ ಓಡಿಸಿದೆ. ಹೆಸರಿನ ಒಂದು ಅಕ್ಷರ ಕಡಿಮೆಯಾಯಿತು, ಅಂಕ 85 ಆಗಿಯೇ ಉಳಿಯಿತು.