ನಿಮ್ಹಾನ್ಸ್ ವ್ಯಸನ ಚಿಕಿತ್ಸಾ ವಿಭಾಗ: ಚಿಕಿತ್ಸೆಗೆ ಐದು ಸ್ಟಾರ್, ದಾರಿಗೆ ಎರಡು

ಹೊಸೂರು ರಸ್ತೆಯ ನಿಮ್ಹಾನ್ಸ್ ಬಗ್ಗೆ ಬರೆಯುವವರೆಲ್ಲ ಡಾಕ್ಟರು, ನರ್ಸು, ಸ್ವಚ್ಛತೆ ಅಂತ ಬರೆಯುತ್ತಾರೆ. ನಾನು ಬಸ್ಸಿನ ಬಗ್ಗೆಯೂ ಬರೆಯಬೇಕು. ಯಾಕೆಂದರೆ ನಾವು ಪಾವಗಡ ತಾಲ್ಲೂಕಿನವರು. ಜಿಲ್ಲೆ ತುಮಕೂರು, ಸುತ್ತಮುತ್ತ ಆಂಧ್ರ. ಜಿಲ್ಲಾ ಕೇಂದ್ರಕ್ಕೇ ಹೆಚ್ಚುಕಡಿಮೆ ನೂರು ಕಿಲೋಮೀಟರ್, ಬೆಂಗಳೂರು ಇನ್ನೂ ದೂರ.

ನನ್ನ ತಮ್ಮ ಬೆಂಗಳೂರಿನಲ್ಲಿ ಡೆಲಿವರಿ ಕೆಲಸ ಮಾಡುತ್ತಿದ್ದ. ಅಲ್ಲೇ ಟಪೆಂಟಡಾಲ್ ಅನ್ನುವ ನೋವಿನ ಮಾತ್ರೆಯ ಚಟ ಹತ್ತಿತು. ಕೆಲಸ ಹೋಯಿತು, ಊರಿಗೆ ಬಂದ.

ಈ ಚಟಕ್ಕೆ ಬುಪ್ರೆನಾರ್ಫಿನ್ ಅಂತ ಮಾತ್ರೆ ಕೊಡುತ್ತಾರೆ. ಆದರೆ ಹಳೆ ಮಾತ್ರೆಯ ಪ್ರಭಾವ ಇಳಿದು ಮೈಕೈ ನೋವು ಶುರುವಾದ ಮೇಲೆಯೇ ಅದನ್ನು ಕೊಡಬೇಕು. ಮುಂಚೆ ಕೊಟ್ಟರೆ ಹಿಂಸೆ ಇನ್ನೂ ಜಾಸ್ತಿ. ಆಸ್ಪತ್ರೆ ಪಕ್ಕದಲ್ಲೇ ಮನೆ ಇದ್ದವರು ಆ ಹೊತ್ತನ್ನು ಮಂಚದ ಮೇಲೆ ಕಳೆಯಬಹುದು. ನಾವು ಕೆಂಪು ಬಸ್ಸಿನಲ್ಲಿ ಕಳೆದೆವು. ಮಧುಗಿರಿ ಬರುವಷ್ಟರಲ್ಲಿ ಒಂದೇ ಸಮನೆ ಆಕಳಿಕೆ, ಮೂಗಿನಲ್ಲಿ ಕಣ್ಣಿನಲ್ಲಿ ನೀರು. ಬಿಸಿಲಿದ್ದರೂ ತೋಳಿನ ಮೇಲೆ ಕೂದಲು ನಿಮಿರಿ ನಿಂತಿತ್ತು. ಕಾಲನ್ನು ಮುಂದಿನ ಸೀಟಿಗೆ ಒದೆಯುತ್ತಲೇ ಇದ್ದ. ಕೊರಟಗೆರೆಯಲ್ಲಿ ಹೊಟ್ಟೆ ಹಿಡಿದುಕೊಂಡು ಇಳಿದು ಓಡಿದ. ಡ್ರೈವರ್ ಹಾರ್ನ್ ಹೊಡೆದಾಗ ಕಂಡಕ್ಟರ್, "ತಡೀರಿ, ಹುಷಾರಿಲ್ಲದ ಹುಡುಗ" ಅಂದರು. ಪುಣ್ಯಾತ್ಮ. ವಾಪಸ್ ಬಂದವನು "ಅಕ್ಕ, ಇಲ್ಲೇ ಇಳಿದು ಹಿಂದಕ್ಕೆ ಹೋಗೋಣ" ಅಂದ. ಎಷ್ಟೋ ಜನರ ಚಿಕಿತ್ಸೆ ಇಂಥ ಬಸ್ ಸ್ಟ್ಯಾಂಡುಗಳಲ್ಲೇ ಮುಗಿದುಹೋಗುತ್ತದೆ ಅಂತ ನನಗೆ ಅನಿಸುತ್ತದೆ.

ಆಸ್ಪತ್ರೆ ಮುಟ್ಟಿದ ಮೇಲೆ ದೂರಲು ಏನೂ ಇಲ್ಲ. ಡಾಕ್ಟರ್ ಅವನನ್ನು ಒಮ್ಮೆಯೂ ಗದರಲಿಲ್ಲ. ಸಿಸ್ಟರ್ ನಾಲಿಗೆ ಕೆಳಗೆ ಮಾತ್ರೆ ಇಡಿಸಿ, "ನುಂಗಬೇಡಪ್ಪ, ಮಾತೂ ಆಡಬೇಡ, ಅದೇ ಕರಗಲಿ" ಅಂದರು. ಸ್ವಲ್ಪ ಹೊತ್ತಿಗೆ ಆ ಒದೆಯುವ ಕಾಲು ನಿಂತಿತು. ಮಧ್ಯಾಹ್ನ ಮುದ್ದೆ ಸಿಗುತ್ತಾ ಅಂತ ಕೇಳಿದ!

ಕಷ್ಟ ಇರುವುದು ಮುಂದಿನ ತಿಂಗಳುಗಳಲ್ಲಿ. ಇದು ಊರಿನ ಮೆಡಿಕಲ್ ಶಾಪಿನಲ್ಲಿ ಕೇಳಿ ತರುವ ಮಾತ್ರೆಯಲ್ಲ. ಕೆಲವು ದಿನಕ್ಕಾಗುವಷ್ಟು ಕೊಡುತ್ತಾರೆ, ಮುಗಿಯುವ ಮುಂಚೆ ಮತ್ತೆ ಬರಬೇಕು. 2023ರಿಂದ ಶಕ್ತಿ ಯೋಜನೆ ಇರುವುದರಿಂದ ನನಗೆ ಟಿಕೆಟ್ ಇಲ್ಲ, ತಮ್ಮನಿಗೆ ಉಂಟು. ಆದರೆ ನನ್ನ ಟೈಲರಿಂಗ್ ಅಂಗಡಿ ಆ ದಿನ ಬಾಗಿಲು ಹಾಕುತ್ತದೆ. ಮದುವೆ ಸೀಸನ್‌ನಲ್ಲಿ ಬ್ಲೌಸ್ ಹೊಲಿಸುವವರು ನಮಗೋಸ್ಕರ ಕಾಯುತ್ತಾರಾ? ಕ್ಯೂನಲ್ಲಿ ನಮ್ಮ ಮುಂದಿದ್ದ ಲಕ್ಕಸಂದ್ರದವರೊಬ್ಬರು ತಿಂಡಿ ತಿಂದು ನಡೆದೇ ಬಂದಿದ್ದರು. ಅದೇ ಕಾಯಿಲೆ, ಅದೇ ಮಾತ್ರೆ. ಹೊಟ್ಟೆಕಿಚ್ಚು ಆಯಿತು, ಸುಳ್ಳು ಯಾಕೆ ಹೇಳಲಿ.

ಹಾಗಾದರೆ ಹತ್ತಿರದಲ್ಲೇ ರೂಮ್ ಮಾಡಬಹುದಲ್ವಾ ಅಂತ ನೆಂಟರು ಹೇಳಿದರು. ತಮ್ಮನೇ ಬೇಡ ಅಂದ. ಅವನ ಹಳೆ ರೂಮ್ ಇದ್ದದ್ದು ಅದೇ ಕಡೆ, ಮಾತ್ರೆ ತಂದುಕೊಡುತ್ತಿದ್ದ ಹುಡುಗರು ಅಲ್ಲೇ ಇದ್ದಾರೆ. ಡಾಕ್ಟರೂ ಚೀಟಿ ಬರೆಯುವ ಮೊದಲು ಕೇಳಿದ್ದು ಅದನ್ನೇ: ಯಾವ ಏರಿಯಾ, ಯಾರ ಜೊತೆ ಇರ್ತೀಯ? ಊರಲ್ಲಿ ಔಷಧಿ ದೂರ, ಆದರೆ ಅಮಲೂ ದೂರ. ಅದಕ್ಕೇ ಬಸ್ಸನ್ನೇ ಆರಿಸಿಕೊಂಡೆವು. ಪದೇ ಪದೇ ಬೆಂಗಳೂರಿಗೆ ಯಾಕೆ ಅಂತ ಕೇಳುವ ಅಕ್ಕಪಕ್ಕದವರಿಗೆ ಕಿಡ್ನಿ ಕಲ್ಲು ಅಂತ ಹೇಳಿದ್ದೇವೆ. ಈಗ ಬೀದಿಯವರೆಲ್ಲ ಬಾಳೆದಿಂಡಿನ ಪಲ್ಯ ತಂದುಕೊಡುತ್ತಾರೆ.

ಇದಕ್ಕೂ ಮೊದಲು ಹತ್ತಿರದ್ದು ಅಂತ ಒಂದು ಖಾಸಗಿ ಕೇಂದ್ರಕ್ಕೆ ಸೇರಿಸಿದ್ದೆವು, ಹೆಸರು ಬೇಡ. ಅಡ್ವಾನ್ಸ್ ತಗೊಂಡರು, ಫೋನ್ ಕಿತ್ತುಕೊಂಡರು, ಮನೋವೈದ್ಯರನ್ನು ಅವನು ಅಲ್ಲಿ ನೋಡಲೇ ಇಲ್ಲ. ದುಡ್ಡು ಕಟ್ಟುವ ಮೊದಲು ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದಲ್ಲಿ ನೋಂದಣಿ ಆಗಿದೆಯಾ ಅಂತ ಕೇಳಿ.

ಟೆಲಿ ಮಾನಸ್, ಅಂದರೆ 14416 ನಂಬರಿನ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ, ಬಸ್ ಇಲ್ಲದ ರಾತ್ರಿಗಳಲ್ಲಿ ಉಪಯೋಗಕ್ಕೆ ಬಂತು. ಫ್ರೀ, ಕನ್ನಡದಲ್ಲೇ ಮಾತಾಡುತ್ತಾರೆ, ತಾಳ್ಮೆಯಿಂದ ಕೇಳುತ್ತಾರೆ. ನಾಲ್ಕು ಸ್ಟಾರ್. ಫೋನಿನಲ್ಲಿ ಮಾತ್ರೆ ಬರುವುದಿಲ್ಲ, ಅದಕ್ಕೆ ಒಂದು ಕಡಿಮೆ. ಚಟದ ವಿಷಯಕ್ಕೇ ಅಂತ 14446 ಕೂಡ ಇದೆ.

2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ ಚಿಕಿತ್ಸೆ ಜನರ ಕೈಗೆಟುಕುವ ದೂರದಲ್ಲಿ ಇರಬೇಕು. ಮಾದಕ ವಸ್ತುವಿನ ಚಟವೂ ಆ ಕಾಯ್ದೆಯೊಳಗೇ ಬರುತ್ತದೆ. ಮನೋಚೈತನ್ಯ ಅಂತ ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರನ್ನು ಕಳಿಸುವ ಯೋಜನೆಯೂ ಇದೆ. ಅದೇ ಮಂಗಳವಾರ ಈ ಮಾತ್ರೆಯನ್ನೂ ಅಲ್ಲೇ ಕೊಡುವಂತಾದರೆ ನಾನು ದಾರಿಗೂ ಐದು ಸ್ಟಾರ್ ಕೊಡುತ್ತೇನೆ.

ದೂರದಿಂದ ಹೋಗುವವರು ಬಿಪಿಎಲ್ ಕಾರ್ಡ್, ಆಧಾರ್, ಹಳೆ ಚೀಟಿಗಳನ್ನು ಮರೆಯಬೇಡಿ. ಉತ್ತರ ಕರ್ನಾಟಕದವರಿಗೆ ಧಾರವಾಡದ ಡಿಮ್ಹಾನ್ಸ್ ಮಾನಸಿಕ ಆಸ್ಪತ್ರೆ ಹತ್ತಿರ, ಮೊದಲು ಅಲ್ಲಿ ವಿಚಾರಿಸಿ. ಬೆಳಗಿನ ಮೊದಲ ಬಸ್ ಹಿಡಿಯಿರಿ, ಬಾಗಿಲ ಹತ್ತಿರದ ಸೀಟು ನೋಡಿಕೊಳ್ಳಿ. ಹತ್ತುವಾಗಲೇ ಕಂಡಕ್ಟರ್‌ಗೆ ಒಂದು ಮಾತು ಹೇಳಿಟ್ಟರೆ ನಡುವೆ ನಿಲ್ಲಿಸುತ್ತಾರೆ.