ನಿಗಾ ಆ್ಯಪ್ ಹಾಕುವುದಾ, ಕೂತು ಮಾತಾಡುವುದಾ?

ಮಗುವಿನ ಕೈಗೆ ಮೊದಲ ಸಲ ಫೋನ್ ಕೊಡುವಾಗ ಎರಡು ದಾರಿ ಕಾಣುತ್ತವೆ. ಒಂದು, ಗೂಗಲ್ ಫ್ಯಾಮಿಲಿ ಲಿಂಕ್‌ನಂಥ ಆ್ಯಪ್. ಇನ್ನೊಂದು, ಜೊತೆಗೆ ಕೂತು ಮಾತಾಡುವುದು.

ಆ್ಯಪ್ ಮಾಡುವ ಕೆಲಸ ಸರಳ. ನೀವು ಹಾಕಿದ ಹೊತ್ತು ಮುಗಿದರೆ ಫೋನ್ ಲಾಕ್ ಮಾಡುತ್ತದೆ, ಹೊಸ ಆ್ಯಪ್ ಇಳಿಸಲು ನಿಮ್ಮ ಒಪ್ಪಿಗೆ ಕೇಳುತ್ತದೆ. ಚಿಕ್ಕವರಿಗೆ ಇದು ಸಾಕು. ಆದರೆ ಚಾಟ್‌ನಲ್ಲಿ ಯಾರು ಏನು ಕೇಳಿದರು ಎಂದು ಅದು ತೋರಿಸುವುದಿಲ್ಲ. ಗೆಳೆಯನ ಫೋನಿನಲ್ಲಂತೂ ಅದು ಇರುವುದೇ ಇಲ್ಲ!

ಮಾತಿಗೆ ಸಮಯ ಜಾಸ್ತಿ ಬೇಕು. "ಇಂಟರ್ನೆಟ್ ತುಂಬ ಕಳ್ಳರೇ" ಎಂದು ಸುಮ್ನೆ ಹೆದರಿಸುವುದು ಮಾತುಕತೆ ಅಲ್ಲ. ಮಕ್ಕಳಿಂದ ಫೋಟೊ ಪಡೆದು ಬೆದರಿಸುವವರು ನೆಚ್ಚಿಕೊಳ್ಳುವುದೇ ಮಗುವಿನ ಹೆದರಿಕೆಯನ್ನು. "ಮನೆಯಲ್ಲಿ ಹೇಳಬೇಡ" ಅನ್ನುತ್ತಾರೆ. ಅಪ್ಪ ಅಮ್ಮ ಬೈಯುತ್ತಾರೆ, ಫೋನ್ ಕಿತ್ತುಕೊಳ್ಳುತ್ತಾರೆ ಎಂದು ಮಗು ಬಾಯಿ ಮುಚ್ಚಿಕೊಂಡರೆ ಬೆದರಿಸುವವರ ಕೆಲಸ ಸುಲಭ, ಅಲ್ವಾ? ಹಾಗಾಗಿ "ಏನೇ ಆದರೂ ನನಗೆ ಹೇಳು, ಬೈಯುವುದಿಲ್ಲ" ಎಂದು ಮೊದಲೇ ಹೇಳಿಡಿ. ಹೇಳಿದ ಹಾಗೆ ನಡೆದುಕೊಳ್ಳುವುದು ಕಷ್ಟ, ಅದು ಬೇರೆ ಮಾತು.

ನನ್ನ ಆಯ್ಕೆ? ಚಿಕ್ಕವರಿಗೆ ಆ್ಯಪ್ ಮುಂದೆ, ಮಾತು ಜೊತೆಗೆ. ಇನ್‌ಸ್ಟಾಗ್ರಾಂ ಖಾತೆಗೆ ಕನಿಷ್ಠ ವಯಸ್ಸು 13. ಅಷ್ಟರೊಳಗೆ ಮಾತು ಮುಂದೆ ಬಂದಿರಬೇಕು. ಕದ್ದು ನೋಡುವ ಆ್ಯಪ್ ಮಾತ್ರ ಬೇಡ. ಗೊತ್ತಾದ ದಿನ ಮಕ್ಕಳು ಗುಟ್ಟಾಗಿ ಇನ್ನೊಂದು ಖಾತೆ ತೆರೆಯುತ್ತಾರೆ, ಅಷ್ಟೇ.