ಸ್ಪರ್ಶವಿಲ್ಲದ ಪಾದಗಳಿಗೆ ಎಂಸಿಆರ್ ಚಪ್ಪಲಿ: ಅಳತೆ ಕೊಟ್ಟು ಮಾಡಿಸಿದ ಒಂದು ಜೊತೆಯ ವಿಮರ್ಶೆ

ನಮ್ಮ ಸೋದರಮಾವನವರು ಕುಷ್ಠರೋಗದಿಂದ ಪೂರ್ತಿ ಗುಣಮುಖರಾಗಿ ಬಹಳ ವರ್ಷಗಳಾದವು. ಆದರೆ ಚಿಕಿತ್ಸೆ ತಡವಾಗಿ ದೊರೆತದ್ದರಿಂದ ನರಗಳು ಹಾಳಾಗಿ ಕೈಬೆರಳುಗಳು ಮಡಚಿಕೊಂಡಿವೆ, ಎಡಗಾಲಿನ ಬೆರಳುಗಳು ಬಹುಪಾಲು ಉಳಿದಿಲ್ಲ, ಅಂಗಾಲುಗಳಿಗೆ ಮುಳ್ಳು ಚುಚ್ಚಿದರೂ ತಿಳಿಯುವುದಿಲ್ಲ. ಅವರಿಗಾಗಿ ಆಸ್ಪತ್ರೆಯೊಂದರ ಪಾದರಕ್ಷೆ ವಿಭಾಗದಲ್ಲಿ ಮಾಡಿಸಿದ ಎಂಸಿಆರ್ ಚಪ್ಪಲಿಯ ಬಗ್ಗೆ, ಇಂಥದೇ ಅಗತ್ಯವಿರುವ ಮನೆಯವರಿಗೆ ಉಪಯೋಗವಾಗಲೆಂದು ಬರೆಯುತ್ತಿದ್ದೇನೆ.

ಎಂಸಿಆರ್ ಎಂದರೆ ಮೈಕ್ರೋಸೆಲ್ಯುಲಾರ್ ರಬ್ಬರ್, ಒಳಗೆಲ್ಲ ಸಣ್ಣ ಗಾಳಿಗುಳ್ಳೆಗಳಿರುವ ಮೆತ್ತನೆಯ ರಬ್ಬರು. ಈ ರೋಗವೇ ಮಾಂಸವನ್ನು ಕೊಳೆಸುತ್ತದೆ ಎಂಬ ಹಳೆಯ ನಂಬಿಕೆ ತಪ್ಪೆಂದೂ, ನೋವು ತಿಳಿಯದ ಕಾಲಿನ ಮೇಲೆ ಮತ್ತೆ ಮತ್ತೆ ಬೀಳುವ ಒತ್ತಡ ಮತ್ತು ಗಾಯಗಳಿಂದಲೇ ಹುಣ್ಣಾಗುತ್ತದೆಂದೂ ವೆಲ್ಲೂರಿನಲ್ಲಿ ದುಡಿದ ಶಸ್ತ್ರವೈದ್ಯ ಪಾಲ್ ಬ್ರಾಂಡ್ ತೋರಿಸಿಕೊಟ್ಟರು. ಆ ಒತ್ತಡವನ್ನು ಇಡೀ ಅಂಗಾಲಿಗೆ ಹಂಚುವುದು ಈ ಮೆತ್ತೆಯ ಕೆಲಸ. ಮುಳ್ಳು, ಗಾಜಿನ ಚೂರು ಒಳಗೆ ಬಾರದಂತೆ ಕೆಳಗೆ ಗಟ್ಟಿಯಾದ ಅಟ್ಟೆ ಇರುತ್ತದೆ. ಮೊಳೆ ಎಲ್ಲಿಯೂ ಇರಬಾರದು. ನಮ್ಮ ಜೊತೆಯಲ್ಲಿ ಎಲ್ಲವನ್ನೂ ಅಂಟಿಸಿ, ಹೊಲಿದು ಕೂಡಿಸಿದ್ದಾರೆ, ಹಿಮ್ಮಡಿಗೂ ಪಟ್ಟಿ ಕೊಟ್ಟಿದ್ದಾರೆ. ಇದನ್ನು ಹಾಕಲು ತೊಡಗಿದ ಮೇಲೆ ಮಾವನ ಬಲಗಾಲಿನ ಹಳೆಯ ಹುಣ್ಣು ಮತ್ತೆ ಬಾಯಿ ತೆರೆದಿಲ್ಲ.

ಆದರೂ ನಾನು ಹೆಚ್ಚು ಮೆಚ್ಚಿದ್ದು ಬೇರೆಯದನ್ನು. ಮೊದಲು ಉಚಿತವಾಗಿ ದೊರೆತಿದ್ದ ಕಪ್ಪು ಚಪ್ಪಲಿಯೂ ಕಾಲನ್ನು ಕಾಯುತ್ತಿತ್ತು, ನಿಜ. ಆದರೆ ಅದು ಯಾವ ಕಾಯಿಲೆಯವರ ಚಪ್ಪಲಿಯೆಂದು ಊರಿಗೆಲ್ಲ ತಿಳಿದಿತ್ತು. ಬಸ್ಸಿನಲ್ಲಿ ಪಕ್ಕದವರು ಮೊದಲು ಅದನ್ನು ನೋಡಿ, ಆಮೇಲೆ ಮುಖ ನೋಡಿ, ಎದ್ದು ಹೋಗುತ್ತಿದ್ದರು. ಆದ್ದರಿಂದ ಮದುವೆ, ಗೃಹಪ್ರವೇಶಗಳಿಗೆ ಹೊರಟಾಗ ಮಾವ ಅದನ್ನು ಮನೆಯಲ್ಲೇ ಬಿಟ್ಟು ಸಾಧಾರಣ ಹವಾಯಿ ಚಪ್ಪಲಿ ಮೆಟ್ಟುತ್ತಿದ್ದರು, ಗಾಯ ಮಾಡಿಕೊಂಡು ಬರುತ್ತಿದ್ದರು. ಧರಿಸಲು ಮನಸ್ಸು ಹಿಂಜರಿಯುವ ಪಾದರಕ್ಷೆ ಎಷ್ಟು ಮೆತ್ತಗಿದ್ದರೇನು? ಈ ಬಾರಿ ಚಪ್ಪಲಿ ಮಾಡಿದವರು ಮಾವನನ್ನೇ ಕೇಳಿ ಕಂದು ಬಣ್ಣ ಆರಿಸಿದರು. ಬೆರಳಿಲ್ಲದ ಮುಂಭಾಗವನ್ನು ಅಗಲವಾದ ಪಟ್ಟಿಯಿಂದ ಮುಚ್ಚಿ, ಅಂಗಡಿಯಲ್ಲಿ ಸಿಗುವ ಸ್ಯಾಂಡಲ್ಲಿನಂತೆಯೇ ರೂಪಿಸಿದರು. ಬರಿಗೈಯಲ್ಲಿ ಅವರ ಪಾದ ಹಿಡಿದು, ಕಾಗದದ ಮೇಲಿಟ್ಟು ಗೆರೆ ಎಳೆದದ್ದನ್ನು ನೋಡಿ ನನಗೆ ಕಣ್ಣು ತುಂಬಿತು.

ಕೊರತೆಗಳೂ ಇವೆ. ವೆಲ್‌ಕ್ರೋ ಪಟ್ಟಿಯ ತುದಿ ಗಿಡ್ಡ. ಮಡಚಿದ ಬೆರಳುಗಳಿಗೆ ಅದು ಸಿಗುವುದಿಲ್ಲವಾದ್ದರಿಂದ ಮಣಿಕಟ್ಟಿನಿಂದಲೇ ಎಳೆಯುವಂತೆ ದೊಡ್ಡ ಕುಣಿಕೆಯೊಂದನ್ನು ನಾವೇ ಹೊಲಿಸಬೇಕಾಯಿತು. ಧೂಳು ಸೇರಿದರೆ ವೆಲ್‌ಕ್ರೋ ಹಿಡಿಯುವುದಿಲ್ಲ. ಮೆತ್ತೆ ಕ್ರಮೇಣ ಚಪ್ಪಟೆಯಾಗುತ್ತದೆ. ಹೆಬ್ಬೆರಳು, ತೋರುಬೆರಳ ನಡುವೆ ಹಿಡಿದು ಒತ್ತಿದಾಗ ಅರ್ಧ ದಪ್ಪಕ್ಕೆ ಇಳಿಯದಿದ್ದರೆ, ಇಲ್ಲವೇ ಬಿಟ್ಟಾಗ ಮತ್ತೆ ಉಬ್ಬದಿದ್ದರೆ ಬದಲಿಸಬೇಕು. ಮನೆಯೊಳಗೆ ಬರಿಗಾಲಲ್ಲಿ ನಡೆಯುವುದು ನಮ್ಮ ರೂಢಿ, ಸ್ಪರ್ಶವಿಲ್ಲದ ಕಾಲಿಗೆ ಅದೂ ಅಪಾಯವೇ. ಒಳಗಿನ ಬಳಕೆಗೆಂದು ಇನ್ನೊಂದು ಜೊತೆಯನ್ನೂ ಆಗಲೇ ಮಾಡಿಸಿಕೊಳ್ಳಿ.

ಕುಷ್ಠರೋಗದಿಂದ ಗುಣಮುಖರಾದವರನ್ನು 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಹಕ್ಕುಳ್ಳ ಅಂಗವಿಕಲರ ಪಟ್ಟಿಯಲ್ಲಿ ಸೇರಿಸಿದೆ. ಆದ್ದರಿಂದ ಅಳತೆ ಕೊಡಲು ಹೋದಾಗ ಬಣ್ಣ, ಪಟ್ಟಿ, ಆಕಾರ ಹೇಗಿರಬೇಕೆಂದು ಸಂಕೋಚವಿಲ್ಲದೆ ಹೇಳಿ, ಚಪ್ಪಲಿ ಧರಿಸುವವರನ್ನೇ ಮುಂದೆ ಕೂರಿಸಿ ಮಾತನಾಡಲು ಬಿಡಿ.